ಮಲೆನಾಡಿನ ಮನೆಗೆ ಭಾರತ ಗೃಹ ರಕ್ಷಾ: ಪೈಪು ಒಡೆದ ಮೇಲೆ ಬರೆದ ವಿಮರ್ಶೆ

ತೀರ್ಥಹಳ್ಳಿಯಲ್ಲಿರುವ ನಮ್ಮ ಆರ್‌ಸಿಸಿ ಮನೆಯ ಸಾಲ ತೀರಿದ ಮೇಲೂ ನಾನು ವಿಮೆಯನ್ನು ಬಿಡದೆ ನವೀಕರಿಸುತ್ತ ಬಂದಿದ್ದೇನೆ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಭಾರತ ಗೃಹ ರಕ್ಷಾ ಪಾಲಿಸಿ ಇದು. ಇದರ ಮೂಲ ಷರತ್ತುಗಳು ಎಲ್ಲ ಸಂಸ್ಥೆಗಳಲ್ಲೂ ಒಂದೇ ಆಗಿರುವುದರಿಂದ ನಾನು ಯಾರಿಂದ ಕೊಂಡೆ ಎಂಬುದು ಇಲ್ಲಿ ಮುಖ್ಯವಲ್ಲ. ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತಗಳ ಪಟ್ಟಿಯನ್ನು ಓದುಗರು ನೋಡಿಯೇ ಇರುತ್ತೀರಿ. ನಾನು ಬರೆಯಹೊರಟಿರುವುದು ಆ ಪಟ್ಟಿಯಲ್ಲಿ ಹೆಚ್ಚಿನವರು ಗಮನಿಸದೆ ದಾಟಿಹೋಗುವ ಒಂದು ಸಾಲಿನ ಬಗ್ಗೆ: ನೀರಿನ ಟ್ಯಾಂಕು, ಪೈಪು ಮುಂತಾದವು ಒಡೆದು ಅಥವಾ ಉಕ್ಕಿ ಹರಿದು ಆಗುವ ಹಾನಿ.

ಒಡೆಯಬೇಕು ಅಥವಾ ಉಕ್ಕಬೇಕು. ಜಿನುಗಿದರೆ ಸಾಲದು. ನಮ್ಮ ಸೀಮೆಯವರಿಗೆ ಈ ಪಾಲಿಸಿಯ ದೊಡ್ಡ ಕೊರತೆ ಇರುವುದು ಇಲ್ಲಿಯೇ. ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಕಳೆಯುವವರೆಗೆ ಇಲ್ಲಿ ಗೋಡೆಗಳು ಒಣಗುವುದೇ ಇಲ್ಲ. ಪಡುವಣ ಗೋಡೆಗೆ ಎರಚಲು ಬಡಿದು ಒಳಮೈಯ ಬಣ್ಣ ಉಬ್ಬುತ್ತದೆ, ಬೀರುವಿನ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ, ತಾರಸಿಯ ಕೂದಲೆಳೆಯ ಬಿರುಕಿನಿಂದ ಇಳಿದ ನೀರು ಇನ್ನೆಲ್ಲೋ ಕಾಣಿಸಿಕೊಳ್ಳುತ್ತದೆ. ಹೀಗೆ ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಹಾನಿಯನ್ನು ವಿಮೆಯವರು ನಿರ್ವಹಣೆಯ ಖರ್ಚೆಂದು ನಮ್ಮ ಪಾಲಿಗೇ ಬಿಡುತ್ತಾರೆ. ಮಲೆನಾಡಿನ ಮನೆಯೊಂದಕ್ಕೆ ವರ್ಷವೂ ತಪ್ಪದೆ ಬರುವ ತೊಂದರೆಯೇ ಪಾಲಿಸಿಯ ಹೊರಗೆ ಉಳಿಯುತ್ತದೆ ಎಂಬ ಬೇಸರ ನನಗೆ ಮೊದಲಿನಿಂದಲೂ ಇತ್ತು, ಈಗಲೂ ಇದೆ.

ಇನ್ನು ನಮ್ಮ ಮನೆಯ ಒಂದು ಅಭ್ಯಾಸವನ್ನು ಹೇಳಬೇಕು, ಏಕೆಂದರೆ ಕೊನೆಗೆ ಕ್ಲೇಮು ನಿಂತದ್ದು ಅದರ ಮೇಲೆಯೇ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲವಾದ್ದರಿಂದ, ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬುದು ರಾತ್ರಿಯೇ ತಿಳಿದಿರಬೇಕು. ಊಟವಾದ ಮೇಲೆ ಟಾರ್ಚು ಹಿಡಿದು ತಾರಸಿಗೆ ಹೋಗಿ, ಟ್ಯಾಂಕಿನ ಮುಚ್ಚಳ ಸರಿಸಿ, ಬಿದಿರಿನ ಕೋಲೊಂದನ್ನು ತಳಮುಟ್ಟ ಇಳಿಸುತ್ತೇನೆ. ಕೋಲಿನ ಮೇಲೆ ಇಂಚಿಗೊಂದರಂತೆ ಚಾಕುವಿನಿಂದ ಗೀರಿದ ಗುರುತುಗಳಿವೆ. ಒದ್ದೆಯಾದ ಭಾಗ ಟಾರ್ಚಿನ ಬೆಳಕಿಗೆ ಕಪ್ಪಾಗಿ, ಒಣಭಾಗ ಹಳದಿಯಾಗಿ ಕಾಣುವುದರಿಂದ ಲೆಕ್ಕ ತಪ್ಪುವುದಿಲ್ಲ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ಮತ್ತೊಮ್ಮೆ ಅಳೆದು, ಎರಡೂ ಅಂಕಿಗಳನ್ನು ಡೈರಿಯಲ್ಲಿ ಬರೆಯುತ್ತೇನೆ. ಟ್ಯಾಂಕಿನಿಂದ ಅಡುಗೆಮನೆಗೆ, ಕೆಳಗಿನ ಬಚ್ಚಲಿಗೆ ಮತ್ತು ಮೇಲಿನ ಬಚ್ಚಲಿಗೆ ಬೇರೆ ಬೇರೆ ಲೈನುಗಳಿದ್ದು ಪ್ರತಿಯೊಂದಕ್ಕೂ ಗೇಟ್ ವಾಲ್ವ್ ಇರುವುದರಿಂದ, ನೀರು ಇಳಿದಿದ್ದರೆ ಒಂದೊಂದೇ ವಾಲ್ವ್ ಮುಚ್ಚಿ ಯಾವ ಲೈನು ಸೋರುತ್ತಿದೆ ಎಂದು ಕಂಡುಕೊಳ್ಳಬಹುದು. ಹೊಸ ಮನೆ ಕಟ್ಟಿಸುವವರು ಈ ಪ್ರತ್ಯೇಕ ವಾಲ್ವುಗಳನ್ನು ದಯವಿಟ್ಟು ಹಾಕಿಸಿಕೊಳ್ಳಿ, ಖರ್ಚು ಬಹಳವಿಲ್ಲ.

ಕಳೆದ ಪುಷ್ಯ ಮಳೆಯಲ್ಲಿ ಒಂದು ರಾತ್ರಿ ಕೆಳಗಿನ ಮಲಗುವ ಕೋಣೆಯ ಮೇಲ್ಛಾವಣಿಯಿಂದ ನೀರು ಧಾರೆಯಾಗಿ ಇಳಿಯಿತು. ಗಾರೆಯ ಹೊಪ್ಪಳೆ ಬಿತ್ತು, ಪ್ಲೈವುಡ್ಡಿನ ವಾರ್ಡ್‌ರೋಬು ನೆನೆಯಿತು, ಹಾಸಿಗೆ ಮತ್ತು ಇನ್ವರ್ಟರ್ ಹಾಳಾದವು. ಪ್ಲಂಬರ್ ಮೇಲಿನ ಬಚ್ಚಲಿನ ಟೈಲ್ಸ್ ಒಡೆದು, ಶವರಿನ ನಲ್ಲಿ ಕೂರುವ ಹಿತ್ತಾಳೆ ಥ್ರೆಡ್ಡಿನ ಸಿಪಿವಿಸಿ ಎಲ್ಬೋವನ್ನು (ಪೈಪು ತಿರುಗುವಲ್ಲಿ ಹಾಕುವ ಪ್ಲಾಸ್ಟಿಕ್ಕಿನ ಜೋಡಣೆ) ಕತ್ತರಿಸಿ ಕೈಗಿಟ್ಟರು. "ಇದು ಮಳೆ ನೀರಲ್ಲ ಮೇಷ್ಟ್ರೇ, ಎಲ್ಬೋ ಸೀಳಿದೆ ನೋಡಿ" ಎಂದರು. ಹಿತ್ತಾಳೆಯ ಸುತ್ತ ಪ್ಲಾಸ್ಟಿಕ್ಕು ಉದ್ದಕ್ಕೆ ಸೀಳಿತ್ತು. ಸೀಳಿನ ಅಂಚು ಹೊಸದಾಗಿ, ಚೊಕ್ಕಟವಾಗಿತ್ತು. ಬಹುಕಾಲದಿಂದ ಜಿನುಗುತ್ತಿದ್ದರೆ ಅಲ್ಲಿ ಬಿಳಿಯ ಉಪ್ಪು ಕಟ್ಟಿಕೊಂಡಿರುತ್ತಿತ್ತು.

ಪ್ಲಂಬರಿನ ಬಿಲ್ಲು ಮೂರು ಸಾವಿರ ದಾಟಲಿಲ್ಲ. ಅಷ್ಟೇ ಆಗಿದ್ದರೆ ನಾನು ವಿಮೆಯ ಗೊಡವೆಗೆ ಹೋಗುತ್ತಿರಲಿಲ್ಲ. ಆದರೆ ಛಾವಣಿಯ ಗಾರೆ, ವೈರಿಂಗು, ಬಣ್ಣ, ಪೀಠೋಪಕರಣ ಸೇರಿ ಎಪ್ಪತ್ತು ಸಾವಿರದ ಸುತ್ತಮುತ್ತ ಅಂದಾಜು ಬಂತು. ಪಾಲಿಸಿಯ ಪೂರ್ಣ ಪಠ್ಯವನ್ನು ತರಿಸಿಕೊಂಡು ಓದಿದಾಗಲೇ ನನ್ನ ಅಸಮಾಧಾನ ಅರ್ಧಕ್ಕರ್ಧ ಇಳಿದದ್ದು. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಒಳಗಿನ ಗೃಹಬಳಕೆಯ ವಸ್ತುಗಳಿಗೂ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ ₹10 ಲಕ್ಷದವರೆಗೆ, ತಾನಾಗಿಯೇ ರಕ್ಷಣೆ ಸಿಗುತ್ತದೆ. ನಾವೇ ಬೇಡವೆಂದಿದ್ದರೆ ಮಾತ್ರ ಇಲ್ಲ. ಕಟ್ಟಡವನ್ನು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಆ ಪ್ರಮಾಣದಲ್ಲಿ ಪರಿಹಾರವನ್ನು ಕತ್ತರಿಸುವ ಹಳೆಯ ಪದ್ಧತಿಯೂ ಇದರಲ್ಲಿಲ್ಲ. ಸಾಲದ ಜೊತೆಗೆ ಬ್ಯಾಂಕಿನವರು ಮಾಡಿಸಿದ ಪಾಲಿಸಿಯ ಒಂದು ಪುಟದ ಪ್ರತಿಯನ್ನಷ್ಟೇ ಬೀರುವಿನಲ್ಲಿಟ್ಟುಕೊಂಡಿರುವ ಅನೇಕ ಮನೆಗಳಿಗೆ ಈ ಸಂಗತಿ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ. (ಅಟ್ಟದ ಮೇಲಿನ ಅಡಿಕೆ ಮೂಟೆಗಳು ಗೃಹಬಳಕೆಯ ವಸ್ತುಗಳಲ್ಲ, ಅವುಗಳ ವಿಮೆಯ ವಿಚಾರ ಬೇರೆ.)

ಹಾನಿ ಕಂಡ 30 ದಿನಗಳೊಳಗೆ ಕ್ಲೇಮು ಅರ್ಜಿ ಕೊಡಬೇಕು; ಕೊಟ್ಟೆ. ಹಾನಿಯನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು, ಅದೇ ಕೋಣೆಯ ಪಡುವಣ ಗೋಡೆಯಲ್ಲಿದ್ದ ಹಳೆಯ ತೇವದ ಕಲೆಯನ್ನು ನೋಡಿ, ಎಲ್ಲವೂ ಮಳೆಯ ಸೀಪೇಜ್, ಅಂದರೆ ಜಿನುಗಿದ ನೀರು, ಎಂದು ಬರೆದರು. ಈ ತೀರ್ಮಾನ ನನ್ನನ್ನು ಬಹಳ ನೋಯಿಸಿತು. ಸಂಸ್ಥೆಯ ದೂರು ವಿಭಾಗಕ್ಕೆ ಬರೆದು, ಕತ್ತರಿಸಿದ ಎಲ್ಬೋವಿನ ಚಿತ್ರಗಳನ್ನೂ ಡೈರಿಯ ಪುಟಗಳ ಪ್ರತಿಯನ್ನೂ ಲಗತ್ತಿಸಿದೆ. ಆ ಪುಟಗಳಲ್ಲಿ ರಾತ್ರಿಯ ಅಂಕಿಯೂ ಬೆಳಗಿನ ಅಂಕಿಯೂ ಸದಾ ಒಂದೇ ಆಗಿದ್ದು, ಆ ಒಂದು ರಾತ್ರಿ ಮಾತ್ರ ಟ್ಯಾಂಕು ಬಹುಪಾಲು ಬರಿದಾಗಿತ್ತು. ಸರ್ವೇಯರ್ ಮತ್ತೆ ಬಂದು ನೋಡಿ ವರದಿಯನ್ನು ತಿದ್ದಿದರು. ಹಾಗಾಗದಿದ್ದಲ್ಲಿ, ಸಂಸ್ಥೆಯ ಉತ್ತರಕ್ಕೆ ಒಂದು ತಿಂಗಳು ಕಾದು, ವಿಮೆಯ ದೂರುಗಳನ್ನು ವಿಚಾರಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡುವ ದಾರಿಯಿತ್ತು.

ಗೋಡೆಯ ತೇವ, ಒಡೆದ ಟೈಲ್ಸು ಮತ್ತು ಎಲ್ಬೋವಿನ ಖರ್ಚನ್ನು ಬಿಟ್ಟು ಉಳಿದದ್ದರ ಹೆಚ್ಚಿನ ಭಾಗ ನನ್ನ ಖಾತೆಗೆ ಬಂತು. ಟೈಲ್ಸ್ ಒಡೆಯದೆ ಸೋರಿಕೆಯನ್ನು ಹುಡುಕುವುದು ಸಾಧ್ಯವೇ ಇರಲಿಲ್ಲವಾದ್ದರಿಂದ ಆ ಕಡಿತ ನ್ಯಾಯವೆಂದು ನನಗೆ ಅನಿಸುವುದಿಲ್ಲ. ಆದರೂ ವರ್ಷಕ್ಕೆ ಎರಡು ಸಾವಿರ ರೂಪಾಯಿಯೊಳಗಿನ ಪ್ರೀಮಿಯಂ ಪಿಂಚಣಿದಾರನಾದ ನನಗೆ ಭಾರವಲ್ಲ. ಹತ್ತು ಸಾವಿರಕ್ಕಿಂತ ಕಡಿಮೆಯ ಹಾನಿಗೆ ಮುಂದೆಯೂ ನಾನು ಕ್ಲೇಮು ಹಾಕುವುದಿಲ್ಲ. ಓಡಾಟ, ಕಾಗದಪತ್ರ ಮತ್ತು ಕಾಯುವಿಕೆಗೆ ಅದು ಸರಿದೂಗುವುದಿಲ್ಲ. ಈ ಸಲ ಪಾಲಿಸಿಯನ್ನು 10 ವರ್ಷಗಳ ಅವಧಿಗೆ ತೆಗೆದುಕೊಳ್ಳುವವನಿದ್ದೇನೆ, ಏಕೆಂದರೆ ದೀರ್ಘಾವಧಿಯ ಪಾಲಿಸಿಯಲ್ಲಿ ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ತಾನಾಗಿ ಏರುತ್ತದೆ. ಪಡುವಣ ಗೋಡೆ ಮತ್ತು ತಾರಸಿಯ ಮಟ್ಟಿಗೆ ಮಾತ್ರ ವಿಮೆಯನ್ನು ನೆಚ್ಚುವುದನ್ನು ಬಿಟ್ಟು, ಬೇಸಿಗೆಯಲ್ಲಿ ಶೀಟಿನ ಮಾಡು ಹಾಕಿಸಲು ವೆಲ್ಡಿಂಗ್‌ನವರಿಗೆ ಅಳತೆ ಕೊಟ್ಟಿದ್ದೇನೆ.