ಚಿನ್ನದ ಬಣ್ಣಕ್ಕೆ ಮರುಳಾಗಿ ಆಂಪ್ಲಿಫೈಯರ್ ಸುಟ್ಟುಕೊಂಡೆ

ಸ್ಪೀಕರ್ ವೈರಿನ ತುದಿಗೆ ಹಾಕಲು ಬನಾನಾ ಪ್ಲಗ್ (ಆಂಪ್ಲಿಫೈಯರಿಗೆ ಚುಚ್ಚುವ ಲೋಹದ ಕಡ್ಡಿ) ಕೊಳ್ಳಬೇಕೆಂದಿರುವವರು ಹಣ ಕೊಡುವ ಮೊದಲು ಇದನ್ನೊಮ್ಮೆ ಓದಿ. ಎಂಟು ಪ್ಲಗ್‌ಗಳ ಒಂದು ಪೊಟ್ಟಣ ನನ್ನ ಆಂಪ್ಲಿಫೈಯರಿನ ಬಲ ಚಾನೆಲನ್ನು ನುಂಗಿಹಾಕಿತು.

ಆರು ವರ್ಷ ನಾನು ಪ್ಲಗ್ ಇಲ್ಲದೆಯೇ ಹಾಡು ಕೇಳಿದವನು. ವೈರಿನ ಸಿಪ್ಪೆ ಸುಲಿದು, ಎಳೆಗಳನ್ನು ಹುರಿಗಟ್ಟಿ, ಆಂಪ್ಲಿಫೈಯರಿನ ಹಿಂದೆ ವೈರ್ ಕಟ್ಟುವ ಪೋಸ್ಟಿನ ತೂತಿಗೆ ತೂರಿಸಿ ತಿರುಗಣೆ ಬಿಗಿದರೆ ಮುಗಿಯಿತು. ಒಂದು ದಿನವೂ ತಕರಾರಿರಲಿಲ್ಲ. ತಕರಾರು ಇದ್ದದ್ದು ನನ್ನ ಸೊಂಟದ್ದು. ಧೂಳು ಹೊಡೆಯಲು ಆಂಪ್ಲಿಫೈಯರ್ ಈಚೆ ಎಳೆದಾಗಲೆಲ್ಲ ಗೂಡಿನ ಹಿಂದೆ ಬಗ್ಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ನಾಲ್ಕು ತುದಿಗಳನ್ನು ಬಿಚ್ಚಿ ಕಟ್ಟಬೇಕಿತ್ತು. ಪ್ಲಗ್ ಇದ್ದರೆ ಚಕ್ಕನೆ ಎಳೆದು ಚಕ್ಕನೆ ಚುಚ್ಚಬಹುದು. ಪ್ಲಗ್ ಕೊಳ್ಳಲು ಇದೊಂದೇ ನ್ಯಾಯವಾದ ಕಾರಣ ಎಂದು ಈಗಲೂ ನಂಬಿದ್ದೇನೆ. ಆದರೆ ನಾನು ಕೊಂಡದ್ದು ಆ ಕಾರಣಕ್ಕಲ್ಲ. ‘24 ಕ್ಯಾರೆಟ್ ಚಿನ್ನದ ಲೇಪ’, ‘ಧ್ವನಿಯಲ್ಲಿ ಕೂಡಲೇ ವ್ಯತ್ಯಾಸ’ ಎಂಬ ಎರಡು ಮಾತುಗಳಿಗೆ ಬಿದ್ದು ಕೊಂಡೆ.

ಬಂದವು ನೋಡಲು ಒಡವೆಯಂತಿದ್ದವು. ಅಡಿಯಿಂದ ಮುಡಿಯವರೆಗೆ ಲೋಹ. ಕೆಂಪು, ಕಪ್ಪು ಗುರುತಿಗೆ ಸಣ್ಣ ಬಳೆಯಷ್ಟೇ. ಹಿಂದೆ ವೈರ್ ತೂರಿಸಲು ತೂತು, ಪಕ್ಕದಲ್ಲಿ ಒಂದೇ ಒಂದು ಚಿಕ್ಕ ಸ್ಕ್ರೂ. ಪ್ಲಾಸ್ಟಿಕ್ ಕವಚ ಇಲ್ಲದ್ದನ್ನು ನಾನು ಗಟ್ಟಿತನದ ಲಕ್ಷಣ ಎಂದುಕೊಂಡೆ. ನನ್ನ ವೈರ್ 2.5 ಚದರ ಮಿಲಿಮೀಟರಿನದು, ಆ ತೂತಿಗೆ ಹಿಡಿಸಲಿಲ್ಲ. ಹೊರಗುಳಿದ ಎಳೆಗಳನ್ನು ಕತ್ತರಿಸಿ ಹಾಕಿ ಉಳಿದದ್ದನ್ನು ತುರುಕಿದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

ಮೊದಲ ವಾರ ಧ್ವನಿ ತಿಳಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡನೆಯ ತಿಂಗಳು ಬಲಗಡೆ ಕರಕರ ಶುರುವಾಯಿತು. ಪ್ಲಗ್ಗನ್ನು ಅಲುಗಾಡಿಸಿದರೆ ಸರಿಹೋಗುತ್ತಿತ್ತು, ಮರುದಿನ ಮತ್ತೆ ಅದೇ ಕಥೆ. ಸ್ಕ್ರೂ ಬಿಗಿದೆ, ಮತ್ತೂ ಬಿಗಿದೆ, ಕೊನೆಗೆ ಅದರ ಥ್ರೆಡ್ ಸವೆದು ಅದು ಸುಮ್ಮನೆ ಸುತ್ತತೊಡಗಿತು. ಆಗ ದೊಡ್ಡ ಬುದ್ಧಿವಂತನಂತೆ ವೈರಿನ ತುದಿಗೆ ಬೆಸುಗೆಯ ಸೀಸ ಬಳಿದು ಗಟ್ಟಿ ಮಾಡಿ ತೂರಿಸಿದೆ. ಸ್ಕ್ರೂವಿನ ಒತ್ತಡದಡಿ ಬೆಸುಗೆಯ ಲೋಹ ನಿಧಾನವಾಗಿ ಜರುಗಿ ಜಾಗ ಬಿಟ್ಟುಕೊಡುತ್ತದೆ. ಇವತ್ತು ಬಿಗಿಯಾಗಿದ್ದದ್ದು ಕೆಲವು ವಾರಗಳಲ್ಲಿ ಸಡಿಲ. ತಿರುಪಿನಡಿ ಕೂರುವ ವೈರಿಗೆ ಬೆಸುಗೆ ಬಳಿಯಬಾರದು ಎನ್ನುವುದು ಅದಕ್ಕೇ. ನನಗೆ ಅದು ಆಮೇಲೆ ತಿಳಿಯಿತು.

ಒಂದು ಸಂಜೆ ಹಾಡು ನಡೆಯುತ್ತಿರುವಾಗಲೇ ಆಂಪ್ಲಿಫೈಯರನ್ನು ಗೋಡೆಯ ಕಡೆಗೆ ಎರಡು ಬೆರಳಗಲ ಒತ್ತಿದೆ. ಅಷ್ಟೇ. ಹಿಂದೆ ವೈರ್ ಗೋಡೆಗೆ ತಾಗಿ ಬಗ್ಗಿ ಪ್ಲಗ್ಗಿನಿಂದ ಅರ್ಧ ಜಾರಿ ಹೊರಬಂತು. ‘ಟಕ್’ ಎಂದು ರಿಲೇ, ಅಂದರೆ ಅಪಾಯ ಕಂಡಾಗ ಸ್ಪೀಕರನ್ನು ಕಳಚುವ ಒಳಗಿನ ಸ್ವಿಚ್, ಬಿದ್ದ ಸದ್ದು. ಮೌನ. ಮುಂದುಗಡೆ ಕೆಂಪು ದೀಪ ಮಿಣುಕತೊಡಗಿತು.

ಜೋಡಿ ಪೋಸ್ಟ್‌ಗಳ ನಡುವಿನ ಅಂತರ ಸಾಮಾನ್ಯವಾಗಿ ಮಧ್ಯದಿಂದ ಮಧ್ಯಕ್ಕೆ 19 ಮಿಲಿಮೀಟರ್. 10 ಮಿಲಿಮೀಟರ್ ದಪ್ಪದ ಎರಡು ಪ್ಲಗ್‌ಗಳು ಅಲ್ಲಿ ಪಕ್ಕಪಕ್ಕ ಕೂತರೆ ನಡುವೆ ಉಳಿಯುವುದು 9. ನಾನು ವೈರ್ ಸುಲಿದಿದ್ದದ್ದು 15. ಹೊರಗೆ ಜಾರಿದ ಎಳೆ ಪಕ್ಕದ ಪ್ಲಗ್ಗಿನ ಬರಿಮೈ ಮುಟ್ಟಲು ಬೇರೆ ಮುಹೂರ್ತ ಬೇಕಿರಲಿಲ್ಲ. 8 ಓಮ್ ಸ್ಪೀಕರಿಗೆ 50 ವಾಟ್ ಕೊಡುವಾಗ ಹರಿಯುವುದು 20 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್. ಸ್ಪೀಕರಿನ ಬದಲು ಒಂದು ತಾಮ್ರದ ಎಳೆ ನಡುವೆ ಕೂತರೆ ತಡೆಯುವವರು ಯಾರೂ ಇಲ್ಲ. ಒಳಗಿನ ಟ್ರಾನ್ಸಿಸ್ಟರ್ ತಡೆಯುವಷ್ಟು ತಡೆದು ಸಾಯುತ್ತದೆ. ಮೊದಲ ಸಲ ರಕ್ಷಣಾ ಸರ್ಕ್ಯೂಟ್ ತನ್ನ ಕೆಲಸ ಮಾಡಿತ್ತು. ಹಿಂದೆ ಬಗ್ಗಿ ನೋಡದೆ ಸ್ವಿಚ್ ಆರಿಸಿ ಹಾಕಿದವನು ನಾನು, ಅದೂ ಮೂರು ಸಲ. ಮೂರನೆಯ ಸಲ ಸುಟ್ಟ ವಾಸನೆ ಬಂತು.

ರಿಪೇರಿಯವರು ಮುಚ್ಚಳ ತೆಗೆದು ಮೀಟರಿನ ಮೊನೆಗಳನ್ನು ಟ್ರಾನ್ಸಿಸ್ಟರಿನ ಕಾಲುಗಳಿಗೆ ಇಟ್ಟರು. “ನೋಡಿ ಸರ್, ಮೂರು ಕಾಲೂ ಒಂದಾಗಿಬಿಟ್ಟಿವೆ” ಎಂದರು. ಅಂದರೆ ಅದು ಒಳಗೇ ಶಾರ್ಟ್ ಆಗಿತ್ತು. ಆಮೇಲೆ ನನ್ನ ಪ್ಲಗ್ ಕೇಳಿ ಪಡೆದು ಅರದಲ್ಲಿ ಒಮ್ಮೆ ಉಜ್ಜಿದರು. ಒಂದೇ ಉಜ್ಜಿಗೆ ಚಿನ್ನ ಹೋಯಿತು. ಕೆಳಗೆ ಹಿತ್ತಾಳೆಯ ಹಳದಿ ಇರಲಿಲ್ಲ, ಬೂದು ಬಿಳುಪಿನ ಯಾವುದೋ ಎರಕದ ಲೋಹ. ಸ್ಕ್ರೂ ಬಿಚ್ಚಿ ವೈರ್ ಎಳೆದರೆ ಎಳೆಗಳು ಪುಡಿಯಂತೆ ಮೇಜಿನ ಮೇಲೆ ಉದುರಿದವು. ಸ್ಕ್ರೂವಿನ ಮೊನೆ ಉಳಿಯಂತೆ ಚೂಪು. ಅದು ವೈರನ್ನು ಒತ್ತಿ ಹಿಡಿದಿರಲಿಲ್ಲ, ಕತ್ತರಿಸಿತ್ತು. ಇಡೀ ಸ್ಪೀಕರನ್ನು ಕುಣಿಸುತ್ತಿದ್ದದ್ದು ಆರೋ ಏಳೋ ಎಳೆ. “ಬರಿಯ ವೈರ್ ಹಾಕಿದ್ದಾಗ ಏನು ತೊಂದರೆ ಇತ್ತು ಸರ್?” ಎಂದು ಅವರು ಕೇಳಿದಾಗ ನನ್ನ ಸೊಂಟದ ಪುರಾಣ ಹೇಳಲು ಬಾಯಿ ಬರಲಿಲ್ಲ.

ದುರಸ್ತಿಗೆ ಹೊಸ ಆಂಪ್ಲಿಫೈಯರಿನ ಅರ್ಧ ಬೆಲೆ ಆಯಿತು. ಮಾರಿದವರಿಗೆ ಬರೆದರೆ, ಬಳಸಿದ ಪ್ಲಗ್ ವಾಪಸ್ ಪಡೆಯುವುದಿಲ್ಲ ಎಂಬ ಒಂದು ಸಾಲಿನ ಉತ್ತರ. ಸ್ಪೀಕರ್ ಉಳಿದದ್ದೇ ಪುಣ್ಯ. ಔಟ್‌ಪುಟ್ ಟ್ರಾನ್ಸಿಸ್ಟರ್ ಹೀಗೆ ಒಂದಾದಾಗ ಒಳಗಿನ ನೇರ ವಿದ್ಯುತ್ತು (ಡಿಸಿ) ಸೀದಾ ಸ್ಪೀಕರಿಗೆ ಹೋಗಿ ಅದರ ಸುರುಳಿಯನ್ನೂ ಸುಡಬಹುದು. ರಿಲೇ ತೆರೆದೇ ಇದ್ದುದರಿಂದ ಅದು ತಪ್ಪಿತು.

ಚಿನ್ನದ ವಿಷಯ ಹೇಳಿಬಿಡುತ್ತೇನೆ. ವಿದ್ಯುತ್ ಹರಿಸುವುದರಲ್ಲಿ ಚಿನ್ನಕ್ಕಿಂತ ತಾಮ್ರವೇ ಮೇಲು. ಚಿನ್ನದ ಗುಣ ಕಿಲುಬು ಹಿಡಿಯದಿರುವುದು ಮಾತ್ರ. ಐದು ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದರೆ ಹೋಗಿ ಬರುವ ದಾರಿಯ ತಡೆ ಸುಮಾರು 0.07 ಓಮ್. ಬಿಗಿಯಾಗಿ ಕೂತ ಯಾವ ಜೋಡಣೆಯ ತಡೆಯೂ ಅದರ ಮುಂದೆ ಲೆಕ್ಕಕ್ಕಿಲ್ಲ. ಆದ್ದರಿಂದ ಪ್ಲಗ್ ಬದಲಿಸಿ ಧ್ವನಿ ಸುಧಾರಿಸುತ್ತೇನೆ ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಪ್ಲಗ್ ವೈರನ್ನು ಹೇಗೆ ಹಿಡಿಯುತ್ತದೆ, ಪೋಸ್ಟಿನಲ್ಲಿ ಹೇಗೆ ನಿಲ್ಲುತ್ತದೆ, ಪಕ್ಕದ ಪ್ಲಗ್ಗಿಗೆ ಮೈ ತೋರಿಸುತ್ತದೆಯೇ, ನೋಡಬೇಕಾದದ್ದು ಇಷ್ಟೇ. ಚುಚ್ಚುವ 4 ಮಿಲಿಮೀಟರ್ ಕಡ್ಡಿಯನ್ನು ಬಿಟ್ಟು ಉಳಿದದ್ದೆಲ್ಲ ಪ್ಲಾಸ್ಟಿಕ್ಕಿನೊಳಗಿರಬೇಕು. ಸ್ಕ್ರೂ ಎರಡಿರಲಿ, ಅವುಗಳ ಮೊನೆ ಚಪ್ಪಟೆಯಾಗಿರಲಿ. ನಡುವೆ ವೈರನ್ನು ಅದುಮುವ ಪಟ್ಟಿ ಇದ್ದರೆ ಇನ್ನೂ ಒಳ್ಳೆಯದು. ತೂತು ನಿಮ್ಮ ವೈರಿಗಿಂತ ದೊಡ್ಡದಿರಲಿ. ಕಡ್ಡಿಗೆ ಸ್ಪ್ರಿಂಗಿನ ಬಲ ಇಲ್ಲದಿದ್ದರೆ ಅದು ಪೋಸ್ಟಿನಲ್ಲಿ ನಿಲ್ಲದು. ತೂಕದ ಪ್ಲಗ್ ಗಟ್ಟಿ ಪ್ಲಗ್ ಅಲ್ಲ. ತೆಳು ವೈರಿಗೆ ಅದನ್ನು ಕಟ್ಟಿದರೆ ಮೂಗಿಗಿಂತ ಮೂಗುತಿ ಭಾರ.

ಪ್ಲಗ್ಗಿನ ಬದಲು ಹಾಕುವ ಸ್ಪೇಡ್ ಎಂಬ ಕವಲು ತುದಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಆದರೆ ಅದರ ಕವಲು ಪೋಸ್ಟಿನ ಕಂಬಕ್ಕಿಂತ ಅಗಲವಾಗಿದ್ದರೆ ತಿರುಗಿ ಪಕ್ಕದ್ದನ್ನು ಮುಟ್ಟುತ್ತದೆ. ಅಳೆದು ಕೊಳ್ಳಿ. ಒತ್ತಿ ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಇರುವ ಉಪಕರಣಗಳಲ್ಲಿ ಹೆಚ್ಚಿನವಕ್ಕೆ ಬನಾನಾ ಹೋಗುವುದೇ ಇಲ್ಲ. ಪೋಸ್ಟಿನ ಹಿಂದಿನ ತೂತಿಗೆ ಪ್ಲಾಸ್ಟಿಕ್ ಬಿರಡೆ ಇದ್ದರೆ ತೆಗೆದ ಮೇಲೆಯೇ ಪ್ಲಗ್ ಒಳಗೆ ಹೋಗುತ್ತದೆ, ಬಲವಂತ ಮಾಡಬೇಡಿ. ಇನ್ನೊಂದು ವಿಷಯ: ಈಗಿನ ಹಲವು ಸಣ್ಣ ಆಂಪ್ಲಿಫೈಯರ್‌ಗಳಲ್ಲಿ ಕಪ್ಪು ಪೋಸ್ಟ್ ಎಂದರೆ ನೆಲದ (ಗ್ರೌಂಡ್) ತುದಿಯಲ್ಲ, ಅಲ್ಲಿಯೂ ಸಿಗ್ನಲ್ ಇರುತ್ತದೆ. ಎಡದ ಕಪ್ಪು, ಬಲದ ಕಪ್ಪು ಒಂದಕ್ಕೊಂದು ತಾಗಿದರೂ ಅನಾಹುತವೇ.

ನಾನು ಮರಳಿ ಬರಿಯ ವೈರಿಗೇ ಬಂದಿದ್ದೇನೆ. ಪೋಸ್ಟಿನೊಳಗೆ ಮುಚ್ಚಿಹೋಗುವಷ್ಟೇ ಸುಲಿದು, ಒಂದು ಎಳೆಯೂ ಹೊರಗೆ ಇಣುಕದಂತೆ ಹುರಿಗಟ್ಟಿ, ತಿಂಗಳ ನಂತರ ತಿರುಗಣೆಯನ್ನು ಇನ್ನೊಮ್ಮೆ ಬಿಗಿಯುತ್ತೇನೆ. ವೈರನ್ನು ಆಂಪ್ಲಿಫೈಯರಿಗೆ ಕೊಡುವ ಮೊದಲು ಆ ಕಡೆ ಸ್ಪೀಕರ್ ಕಟ್ಟಿಕೊಂಡು ಈ ಕಡೆಯ ಎರಡು ತುದಿಗಳಿಗೆ ಮೀಟರ್ ಇಟ್ಟು ನೋಡುವುದನ್ನೂ ರೂಢಿ ಮಾಡಿಕೊಂಡಿದ್ದೇನೆ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಆರು, ಏಳರ ಆಸುಪಾಸು ತೋರಿಸುತ್ತದೆ. ಸೊನ್ನೆಗೆ ಹತ್ತಿರ ಬಂದರೆ ಎಲ್ಲೋ ಎಳೆ ತಾಗಿದೆ, ಏನೂ ತೋರಿಸದಿದ್ದರೆ ಎಲ್ಲೋ ಬಿಟ್ಟುಹೋಗಿದೆ. ರಿಪೇರಿಯಾಗಿ ಬಂದ ದಿನ ಎಡಕ್ಕೆ 6.3, ಬಲಕ್ಕೆ 6.4 ಬಂತು. ಎರಡು ಸಲ ಅಳೆದು, ಗೂಡಿನ ಹಿಂದೆ ಟಾರ್ಚ್ ಬಿಟ್ಟು ಮತ್ತೊಮ್ಮೆ ನೋಡಿ, ಆಮೇಲೆ ಸ್ವಿಚ್ ಹಾಕಿದೆ.