ತಿರುವಿನಾಚೆ ಬ್ಯಾರಿಕೇಡ್ ಇಟ್ಟರೆ ಆಗುವುದು ಇದು

ರಾತ್ರಿ ಪೊಲೀಸರು ವಾಹನ ತಪಾಸಣೆಗೆ ಹಾಕುವ ನಾಕಾಬಂದಿಗೆ ಬೈಕ್ ಗುದ್ದುವುದು ಹೆಚ್ಚೂಕಮ್ಮಿ ಒಂದೇ ಬಗೆಯಲ್ಲಿ. ತಿರುವು ಮುಗಿಯುತ್ತಲೇ ಅಡ್ಡಲಾಗಿ ಬ್ಯಾರಿಕೇಡ್. ರೇಡಿಯಂ ಪಟ್ಟಿ ಧೂಳು ಹಿಡಿದು ಮಸುಕಾಗಿದೆ. ಹಿಂದೆ ನಿಂತ ಜೀಪಿನ ಹೆಡ್‌ಲೈಟ್ ಸವಾರನ ಕಣ್ಣಿಗೇ ಹೊಡೆಯುತ್ತಿದೆ. ಬ್ರೇಕ್ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಕಾರಣ ಬರೆಯುವಾಗ ‘ಅತಿವೇಗ’ ಎಂದಷ್ಟೇ ಬರೆದರೆ ಅದು ಅರ್ಧ ಸತ್ಯ.

ಲೆಕ್ಕ ನೋಡಿ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಂಡು, ಅರಿತು, ಬ್ರೇಕ್ ಒತ್ತುವ ಒಂದೂವರೆ ಸೆಕೆಂಡಿನಲ್ಲೇ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 20 ಬೇಕು. ವೇಗ 80 ಇದ್ದರೆ ಒಟ್ಟು 70 ಮೀಟರ್ ಹತ್ತಿರ, ಒದ್ದೆ ರಸ್ತೆಯಲ್ಲಿ 100 ದಾಟಬಹುದು. ಡಿಮ್ ಬೆಳಕು ಅಷ್ಟು ದೂರ ತಲುಪುವುದೇ ಇಲ್ಲ. ಹಾಗಾಗಿ ಸವಾರನಿಗೆ ಮೊದಲು ಕಾಣುವ ವಸ್ತು ಬ್ಯಾರಿಕೇಡೇ ಆಗಿರಬಾರದು.

ನಾಕಾಬಂದಿ ಹಾಕುವವರೇ, ನೇರ ರಸ್ತೆ ಆರಿಸಿ. ತಿರುವು, ದಿಬ್ಬದ ನೆತ್ತಿ, ಇಳಿಜಾರು, ಸೇತುವೆಯ ಬುಡ ಬೇಡ. ಎಚ್ಚರಿಕೆ ಫಲಕ, ಮಿನುಗು ದೀಪ 200 ಮೀಟರ್ ಮೊದಲೇ ಇರಲಿ, ಹೆದ್ದಾರಿಯಲ್ಲಿ ಇನ್ನೂ ಹಿಂದೆ. ಅಲ್ಲಿಂದ ಕೋನ್‌ಗಳ ಸಾಲು ಓರೆಯಾಗಿ ಬಂದು ರಸ್ತೆಯನ್ನು ನಿಧಾನಕ್ಕೆ ಕಿರಿದು ಮಾಡಬೇಕು. ಬ್ಯಾರಿಕೇಡ್ ಗಾಳಿಗೆ ಬೀಳದಂತೆ ಮರಳು ಮೂಟೆ ಇಡಿ, ಕಲ್ಲು ಬೇಡ: ಗುದ್ದಿದವನಿಗೆ ಕಲ್ಲೇ ಎರಡನೇ ಪೆಟ್ಟು. ಹಗ್ಗ, ಸರಪಳಿಯನ್ನಂತೂ ರಸ್ತೆಗೆ ಅಡ್ಡ ಕಟ್ಟಲೇಬೇಡಿ. ಕತ್ತಲಲ್ಲಿ ಅದು ಕಾಣುವುದಿಲ್ಲ, ಸವಾರನ ಕುತ್ತಿಗೆಗೇ ಬೀಳುತ್ತದೆ.

ಸಿಬ್ಬಂದಿಗೆ ಹೆಚ್ಚು ಅಪಾಯ ಬರುವುದು ತಪ್ಪಿಸಿಕೊಂಡು ಓಡುವ ಬೈಕಿಗೆ ಅಡ್ಡ ಹೋದಾಗ. ಹ್ಯಾಂಡಲ್ ಹಿಡಿಯುವುದು, ಕೀ ಕಿತ್ತುಕೊಳ್ಳುವುದು, ಲಾಠಿ ಚಾಚುವುದು ಬೇಡ. ನಂಬರ್ ಬರೆದುಕೊಂಡು ಮುಂದಿನ ಠಾಣೆಗೆ ತಿಳಿಸಿದರೆ ಸಾಕು, ಒಂದು ದಂಡಕ್ಕಾಗಿ ಯಾರ ಜೀವವೂ ಹೋಗಬೇಕಿಲ್ಲ. ಪ್ರತಿಫಲಿಸುವ ಜಾಕೆಟ್ ತೊಟ್ಟು, ಕೆಂಪು ಟಾರ್ಚ್ ಹಿಡಿದು, ಪಕ್ಕಕ್ಕೆ ಜಿಗಿಯಲು ಜಾಗವಿರುವ ಕಡೆ ನಿಲ್ಲಿ. ತಪಾಸಣೆಗೆ ನಿಲ್ಲಿಸಿದ ವಾಹನ ಓಡಾಟದ ಪಥದಿಂದ ಪೂರ್ತಿ ಹೊರಗಿರಲಿ.

ಸಾಲಿನ ಬಾಲವನ್ನು ಬಹಳ ಮಂದಿ ಮರೆಯುತ್ತಾರೆ. ವಾಹನಗಳು ನಿಂತಂತೆ ಸಾಲು ಹಿಂದಕ್ಕೆ ಬೆಳೆದು ಫಲಕವನ್ನೇ ದಾಟಿದರೆ, ಲಾರಿ ಬಂದು ಗುದ್ದುವುದು ಅಲ್ಲೇ. ಫಲಕವನ್ನು ಹಿಂದಕ್ಕೆ ಸರಿಸಿ, ಇಲ್ಲವೇ ತಪಾಸಣೆ ನಿಲ್ಲಿಸಿ ದಾರಿ ಬಿಡಿ.

ಸವಾರರೇ, ಮಿನುಗು ದೀಪ ಕಂಡ ಕೂಡಲೇ ಗೇರ್ ಇಳಿಸಿ, ಡಿಮ್ ಮಾಡಿ. ಸಾಲಿನ ಕೊನೆಯಲ್ಲಿದ್ದರೆ ಹಿಂದಿನವರಿಗಾಗಿ ನಾಲ್ಕೂ ಇಂಡಿಕೇಟರ್ ಹಾಕಿ. ಹೆದರಿ ಏಕಾಏಕಿ ಯು-ಟರ್ನ್ ಹೊಡೆಯಬೇಡಿ. ಬೆಳಗಿನ ಜಾವ ಇನ್ನೂ ಎಚ್ಚರ: ಸಿಬ್ಬಂದಿ ಹೊರಟ ಮೇಲೂ ದೀಪವಿಲ್ಲದ ಬ್ಯಾರಿಕೇಡ್ ಕೆಲವೊಮ್ಮೆ ರಸ್ತೆಯಲ್ಲೇ ಉಳಿದಿರುತ್ತದೆ.