ಚಳಿಗಾಲದ ತರಕಾರಿ ಮಡಿಗೆ ಯಾವ ಹೊದಿಕೆ? ಶೀಟು, ಹುಲ್ಲು, ತರಗೆಲೆ

ಭೂಮಿ ಹುಣ್ಣಿಮೆ ಕಳೆದು ಮಳೆ ಹಿಂದೆ ಸರಿದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹಿತ್ತಿಲ ಕೆಲಸ ಶುರು. ರಾತ್ರಿ ಇಬ್ಬನಿ ಎಷ್ಟೇ ಬಿದ್ದರೂ ಮಧ್ಯಾಹ್ನದ ಬಿಸಿಲಿಗೆ ಮಣ್ಣು ಬಿರಿಯುತ್ತದೆ. ಬರೀ ಮಣ್ಣು ಬಿಟ್ಟರೆ ದಿನಾ ನೀರು ಹೊರಬೇಕು. ಅದಕ್ಕೇ ಹೋದ ವರ್ಷ 10 ಅಡಿ ಉದ್ದದ 3 ಮಡಿ ಮಾಡಿದೆ. ಮೂರಕ್ಕೂ ಒಂದೇ ಅಳತೆಯ ಕೊಟ್ಟಿಗೆ ಗೊಬ್ಬರ, ಅದೇ ಟೊಮೆಟೊ, ಅದೇ ಬದನೆ. ಹೊದಿಕೆ ಮಾತ್ರ ಬೇರೆ ಬೇರೆ.

ಮೊದಲನೆಯದು 30 ಮೈಕ್ರಾನ್ ಮಲ್ಚಿಂಗ್ ಶೀಟು, ಅಂದರೆ ಮಣ್ಣಿಗೆ ಹೊದಿಸುವ ತೆಳು ಪ್ಲಾಸ್ಟಿಕ್ ಹಾಳೆ. ಕಪ್ಪು ಬದಿ ಕೆಳಗೆ, ಬೆಳ್ಳಿ ಬದಿ ಮೇಲೆ. ಕಳೆ ಕೀಳುವ ಕೆಲಸವೇ ಇಲ್ಲ, ನೀರೂ 4 ದಿನಕ್ಕೊಮ್ಮೆ ಸಾಕು. ಆದರೆ ಕೆಳಗೆ ಹನಿ ಹನಿಯಾಗಿ ನೀರು ಬಿಡುವ ಡ್ರಿಪ್ ಪೈಪ್ ಇರಲೇಬೇಕು. ನಾನು ಹಾಕಿರಲಿಲ್ಲ, ಒಂದೊಂದು ತೂತಿಗೂ ಚೊಂಬಿನಲ್ಲಿ ನೀರು ಹುಯ್ಯಬೇಕಾಯಿತು. ಡಿಸೆಂಬರ್‌ನಲ್ಲಿ ಒಂದು ಸಂಜೆ ಸಣ್ಣ ಮಳೆ ಬಂತು. ಪಕ್ಕದ ಎರಡು ಮಡಿ ನೆನೆದವು, ಇದರ ಮೇಲಿನ ನೀರೆಲ್ಲ ಕಾಲುದಾರಿಗೆ ಹರಿದುಹೋಯಿತು.

ಭತ್ತದ ಹುಲ್ಲು ಹರಡುವುದು ಸುಲಭ. ಹೊಸ ಕೊಯ್ಲು ಇನ್ನೂ ಆಗಿರಲಿಲ್ಲ, ಹಳೆ ಬಣವೆಯಿಂದಲೇ ಎಳೆದೆ. "ದನದ ಬಾಯಿಂದ ಕಿತ್ತು ಗಿಡಕ್ಕೆ ಹಾಕ್ತೀಯಾ?" ಅಂದರು ಅತ್ತೆ. ಅವರ ಮಾತು ಸರಿಯೇ, ಮೇವಿಗೆ ತತ್ವಾರ ಇರುವ ಮನೆಯಲ್ಲಿ ಇದು ದುಬಾರಿ. ಮೇಲಿಂದ ಗೆದ್ದಲು ಬಂತು. ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ. ಬದನೆ ಎಲೆ ಹಳದಿಯಾದವು. 1 ಪಾಲು ಗಂಜಲಕ್ಕೆ 10 ಪಾಲು ನೀರು ಬೆರೆಸಿ ಎರಡು ಸಲ ಹಾಕಿದ ಮೇಲೆ ಚೇತರಿಸಿದವು.

ತರಗೆಲೆ ಮಡಿಗೆ ಮತ್ತಿ, ಹೊನ್ನೆ ಎಲೆಗಳನ್ನು 4 ಇಂಚು ದಪ್ಪ ಹಾಕಿದೆ. ಕೋಳಿ ಕೆದಕದಂತೆ ಮೇಲೆ ಅಡಿಕೆ ಸೋಗೆ ಅಡ್ಡ ಇಟ್ಟೆ. ಕಾಂಡದ ಸುತ್ತ ಸ್ವಲ್ಪ ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ, ಬಸವನಹುಳ ಸೇರಿಕೊಳ್ಳುತ್ತವೆ. ನೀರು 2 ದಿನಕ್ಕೊಮ್ಮೆ ಬೇಕಾಯಿತು, ಅಂದರೆ ಶೀಟಿಗಿಂತ ಜಾಸ್ತಿ. ಅಲ್ಲಲ್ಲಿ ಕಳೆಯೂ ಎದ್ದಿತು. ಸಂಕ್ರಾಂತಿ ಹೊತ್ತಿಗೆ 4 ಇಂಚು ಕುಸಿದು ಒಂದೂವರೆ ಇಂಚಾಯಿತು. ಒಂದು ಬೆಳಿಗ್ಗೆ ಮೇಲಿನ ಒಣ ಎಲೆ ಸರಿಸಿ ನೋಡಿದೆ. ಅಡಿಯ ಎಲೆಗಳಲ್ಲಿ ನರ ಮಾತ್ರ ಉಳಿದಿತ್ತು. ಬಿಳಿ ಬೂಷ್ಟಿನ ಎಳೆಗಳು ಮಣ್ಣಿಗೆ ಇಳಿದಿದ್ದವು. ಬೆರಳಿಟ್ಟರೆ ತಣ್ಣಗೆ, ಎರಡು ಗೆಣ್ಣು ಸಲೀಸಾಗಿ ಹೋಯಿತು. ಒಂದು ಹಿಡಿ ಮಣ್ಣಲ್ಲಿ 3 ಎರೆಹುಳ.

ಮಾರ್ಚ್‌ನಲ್ಲಿ ಶೀಟು ತೆಗೆದಾಗ ಅದರಡಿಯ ಮಣ್ಣು ಗಟ್ಟಿ ಕೂತಿತ್ತು. ಹರಿದ ಚೂರುಗಳು ಗುದ್ದಲಿಗೆ ಸಿಕ್ಕಿ ಸಿಕ್ಕಿ ಬಂದವು, ಅವನ್ನು ಆರಿಸಲು ಅರ್ಧ ದಿನ ಹೋಯಿತು. ಟೊಮೆಟೊ ಹೆಚ್ಚು ಕೊಟ್ಟಿದ್ದು ಆ ಮಡಿಯೇ, ನಿಜ. ಸಂತೆಗೆ ಬೆಳೆಯುವವರು ಡ್ರಿಪ್ ಜೊತೆ ಶೀಟು ಹಾಕಿಕೊಳ್ಳಲಿ. ಮನೆ ಹಿತ್ತಿಲಿಗೆ ನನ್ನ ಆಯ್ಕೆ ತರಗೆಲೆಯೇ.

ಒಂದು ತೊಡಕಿದೆ. ನಮ್ಮಲ್ಲಿ ಎಲೆ ಉದುರುವುದು ಚಳಿ ಮುಗಿಯುವಾಗ. ಮಳೆ ನಿಂತ ಮೇಲೆ ಹುಡುಕಿದರೆ ಒಣಗಿದ್ದು ಸಿಗುವುದಿಲ್ಲ. ಒಂದು ಮಡಿಗೆ 6 ಚೀಲ ಹಿಡಿದಿತ್ತು. ಈ ಸಲ ಬೇಸಿಗೆಯಲ್ಲೇ, ಬೆಟ್ಟಕ್ಕೆ ಬೆಂಕಿ ಬೀಳುವ ಮೊದಲು 20 ಚೀಲ ತುಂಬಿ ಕೊಟ್ಟಿಗೆ ಮೂಲೆಯಲ್ಲಿ ಒಟ್ಟಿದ್ದೇನೆ.